ಎದುರು ಮಾತಿಗೊಂದು ಕೀ

ಅವರ ಪರಿಚಯವಾದದ್ದು ನಮ್ಮ ಮನೆಯಲ್ಲಿ ಅನ್ನ ಸೀದ ದಿನ. ಸಿಡ್ನಿಗೆ ಬಂದು ನಾಲ್ಕು ತಿಂಗಳಾಗಿತ್ತಷ್ಟೆ. ಹ್ಯಾರಿಸ್ ಪಾರ್ಕಿನ ಬಾಡಿಗೆ ಯೂನಿಟ್ಟಿನಲ್ಲಿ ಒಲೆಯ ಮೇಲೆ ಅನ್ನಕ್ಕಿಟ್ಟು, ಕಸದ ಚೀಲ ಕೆಳಗೆ ಹಾಕಿ ಬರೋಣ ಅಂತ ಹೊರಗೆ ಕಾಲಿಟ್ಟೆ. ಬಾಗಿಲು ತಾನಾಗಿ ಹಾಕಿಕೊಂಡಿತು. ಕೀ ಒಳಗೆ, ಅನ್ನ ಒಳಗೆ, ನೈಟಿ ಹಾಕಿಕೊಂಡ ನಾನು ಹೊರಗೆ. ಗಂಡ ಚಾಟ್ಸ್‌ವುಡ್ಡಿನ ಆಫೀಸಿನಲ್ಲಿದ್ದ, ಟ್ರೈನಿನಲ್ಲಿ ಬರಲು ಮುಕ್ಕಾಲು ಗಂಟೆಯಾದರೂ ಬೇಕು. ಕೆಳಗಿನ ದಿನಸಿ ಅಂಗಡಿಯವರು ನನ್ನ ಅವಸ್ಥೆ ನೋಡಿ, ಎರಡು ಬೀದಿ ಆಚೆ ಇದ್ದ ಬೀಗ ರಿಪೇರಿಯವರಿಗೆ ಫೋನ್ ಮಾಡಿದರು.

ಬಂದವರು ಆರಡಿ ಎತ್ತರದ, ಬಿಳಿ ಮೀಸೆಯ, ಅರವತ್ತು ದಾಟಿದ ಮನುಷ್ಯ. ಖಾಕಿ ಚಡ್ಡಿ, ಹೆಗಲಿಗೊಂದು ಚೀಲ. ನಾನು ದೇವರಿಗೆ ಕನ್ನಡದಲ್ಲಿ ಬೈಯುತ್ತಿದ್ದದ್ದು ಕೇಳಿ ಯಾವೂರು ಅಂದರು. ಮೈಸೂರು ಅಂದೆ. ತಮ್ಮದು ಕೊಡಗು ಅಂತ ಹೇಳಿ, ಮೊಣಕಾಲೂರಿ ಕೂತು, ಎರಡು ತಂತಿ ಬೀಗದೊಳಗೆ ತೂರಿಸಿ, ಇದ್ದಕ್ಕಿದ್ದಂತೆ ಕೇಳಿದರು: "ಮನೇಲಿ ಕೋವಿ ಇಟ್ಟುಕೊಳ್ಳೋದರ ಬಗ್ಗೆ ನಿನ್ನ ಅಭಿಪ್ರಾಯ ಏನು?"

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಬೀಗ ತೆಗೆಯುವ ವಿದ್ಯೆ ಗೊತ್ತಿರುವವನು, ಮನೆಯಲ್ಲಿ ಗಂಡ ಇಲ್ಲ, ಕೇಳುತ್ತಿರುವುದು ಬಂದೂಕಿನ ವಿಷಯ. ಭಯ ಆಗುತ್ತದೆ ಅಂದೆ. ಭಯ ಅನ್ನುವುದು ಅಭಿಪ್ರಾಯ ಅಲ್ಲವಂತೆ, ಕಾರಣ ಬೇಕಂತೆ. ಒಂದು ಕಾರಣ ಕೊಟ್ಟರೆ ಬಾಗಿಲು ತೆಗೆಯುತ್ತಾರಂತೆ. ಅಷ್ಟು ಹೊತ್ತಿಗೆ ಸೀದ ವಾಸನೆ ಕಾರಿಡಾರಿಗೇ ಬಂದಿತ್ತು. ಮಕ್ಕಳ ಕೈಗೆ ಸಿಕ್ಕರೆ ಏನು ಗತಿ ಅಂತ ಕಿರುಚಿದೆ. ಅವರು ತಲೆ ಒಂದು ಕಡೆ ವಾಲಿಸಿ ಯೋಚಿಸಿ, "ಒಳ್ಳೇ ಪಾಯಿಂಟು" ಅಂದರು. ಬೀಗ ಕ್ಲಿಕ್ ಅಂದಿತು.

ಆಮೇಲೆ ತಿಳಿಯಿತು, ಬೀಗ ಮೊದಲ ಎರಡು ನಿಮಿಷದಲ್ಲೇ ತೆರೆದಿತ್ತಂತೆ. ಉಳಿದದ್ದೆಲ್ಲ ಚರ್ಚೆಗೆ.

ಅವರ ಹೆಸರು ಬರೆಯುವುದಿಲ್ಲ. ಸಿಡ್ನಿಯ ಕನ್ನಡದವರೆಲ್ಲ ಅವರನ್ನು ಕೋವಿ ಅಂಕಲ್ ಅನ್ನುತ್ತಿದ್ದರು, ಅಷ್ಟು ಸಾಕು. ಟಾಸ್ಮೇನಿಯಾದಲ್ಲಿ ಒಬ್ಬ ಮೂವತ್ತೈದು ಜನರನ್ನು ಗುಂಡಿಟ್ಟು ಕೊಂದು ಆರೇಳು ವರ್ಷವಾಗಿತ್ತು. ಬಂದೂಕಿನ ಕಾನೂನು ಆಗಲೇ ಬಿಗಿಯಾಗಿತ್ತು, ಈಗ ಪಿಸ್ತೂಲಿನ ಕಾನೂನೂ ಬಿಗಿಯಾಗುತ್ತಿತ್ತು. ಟೀವಿಯಲ್ಲಿ, ಟ್ರೈನಿನಲ್ಲಿ ಎಲ್ಲ ಕಡೆ ಅದೇ ಮಾತು. ನಮ್ಮ ಜನ ಮಾತ್ರ ಅದಕ್ಕೂ ನಮಗೂ ಸಂಬಂಧವಿಲ್ಲ ಅನ್ನುವ ಹಾಗೆ ಮಾರ್ಟ್‌ಗೇಜ್ ಬಗ್ಗೆ ಮಾತಾಡಿಕೊಂಡಿದ್ದರು. ಸಂಬಂಧ ಇದ್ದವರು ಇವರೊಬ್ಬರೇ. ಊರಿನಲ್ಲಿ ಅವರ ಜನಕ್ಕೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸೇ ಬೇಡ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಇಲ್ಲಿ ಅದೇ ಕೋವಿಗಾಗಿ ಅವರು ಪರೀಕ್ಷೆ ಬರೆದು, ಕ್ಲಬ್ ಸೇರಿ, ತಿಂಗಳುಗಟ್ಟಲೆ ಕಾದು, ಒಂದು ಜೋಡುನಳಿಗೆ ಕೋವಿ ಪಡೆದಿದ್ದರು. ಶನಿವಾರ ಶನಿವಾರ ಕ್ಲಬ್ಬಿಗೆ ಹೋಗಿ, ಗಾಳಿಯಲ್ಲಿ ಹಾರುವ ಮಣ್ಣಿನ ಬಿಲ್ಲೆಗಳಿಗೆ ಗುಂಡು ಹೊಡೆದು ಬರುತ್ತಿದ್ದರು. ಹೂವಿನದೊಂದೇ ಕೊರಗು. ಊರಿನಲ್ಲಿ ಹಬ್ಬದ ಹೊತ್ತಿಗೆ ಅರಳುವ ಕೋವಿ ಹೂ ಇಲ್ಲಿ ಜನವರಿಯಲ್ಲಿ ಅರಳುತ್ತದೆ, ಅದೂ ಸಮುದ್ರದ ದಂಡೆಯಲ್ಲಿ ಕಳೆಯಾಗಿ. ಈ ದೇಶಕ್ಕೆ ಕಾನೂನು ಗೊತ್ತು, ಪಂಚಾಂಗ ಗೊತ್ತಿಲ್ಲ ಅನ್ನುತ್ತಿದ್ದರು.

ಕೋವಿ ಇದ್ದದ್ದು ಅವರ ಮಲಗುವ ಕೋಣೆಯ ಉಕ್ಕಿನ ಬೀರುವಿನಲ್ಲಿ. ಬೀರುವನ್ನು ನೆಲದ ಕಾಂಕ್ರೀಟಿಗೇ ಬೋಲ್ಟ್ ಮಾಡಿ ಕೂರಿಸಿದ್ದರು. ಕಾನೂನಿಗೆ ಒಂದು ಬೀಗ ಸಾಕಾಗಿದ್ದರೂ ಇವರು ಮೂರು ಹಾಕಿದ್ದರು, ಮೂರೂ ಅವರೇ ಕೈಯಾರೆ ಸಿದ್ಧ ಮಾಡಿದವು. ತಪಾಸಣೆಗೆ ಬಂದ ಪೊಲೀಸಿನವರು ತಮ್ಮ ಮನೆಯ ಗ್ಯಾರೇಜಿಗೂ ಅಂಥದೇ ಬೀಗ ಮಾಡಿಕೊಡುತ್ತೀರಾ ಅಂತ ಕೇಳಿ ಹೋಗಿದ್ದರಂತೆ.

ಅವರ ಅಂಗಡಿ ಎಂದರೆ ಒಂದು ಮೆಟ್ಟಿಲಿನಷ್ಟು ಅಗಲದ ಜಾಗ. ಗೋಡೆ ತುಂಬ ನೇತಾಡುವ ಕೀಗಳು, ಮೂಲೆಯಲ್ಲಿ ಕೀ ಕೊರೆಯುವ ಯಂತ್ರ, ಗಿರಾಕಿಗೊಂದು ಸ್ಟೂಲು. ಅಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ಡೂಪ್ಲಿಕೇಟ್ ಕೀ ಸಿದ್ಧವಾದರೂ ಅವರು ಅದನ್ನು ತಕ್ಷಣ ಕೊಡುತ್ತಿರಲಿಲ್ಲ. ಕೀಯನ್ನು ಮುಷ್ಟಿಯಲ್ಲಿ ಹಿಡಿದು, ಕೋವಿಯ ಪರವಾಗಿ ಒಂದು ಮಾತು ಹೇಳುತ್ತಿದ್ದರು. ಎದುರಿಗಿದ್ದವರು ಅದಕ್ಕೊಂದು ಎದುರು ಮಾತು ಹೇಳಲೇಬೇಕು. ಹೌದು ಹೌದು ಅಂತ ತಲೆಯಾಡಿಸಿದರೆ ಕೀ ಸಿಗುತ್ತಿರಲಿಲ್ಲ. ಎದುರು ಮಾತು ಸೊಗಸಾಗಿದ್ದರೆ ಕೀ ಜೊತೆ ಒಂದು ಕಿತ್ತಳೆ ಹಣ್ಣೂ ಸಿಗುತ್ತಿತ್ತು. ಗುಜರಾತಿ ಮಿಠಾಯಿ ಅಂಗಡಿಯವರು, ಲೆಬನಾನಿನ ಕ್ಷೌರಿಕರು, ಎಲ್ಲರೂ ಹೀಗೆ ವಾದ ಮಾಡಿಯೇ ಕೀ ಪಡೆದವರು. ಅಮೆರಿಕದವರ ವಾದಗಳನ್ನು ಯಾರಾದರೂ ಅಂಕಲ್ ಪರವಾಗಿ ಎತ್ತಿದರೆ ಮಾತ್ರ ಕೆಂಡಾಮಂಡಲವಾಗುತ್ತಿದ್ದರು. ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಕಾಫಿ ಕುಡಿಯಲು ಹೋಗುವವರ ಜೊತೆ ತಮ್ಮನ್ನು ಸೇರಿಸಬೇಡಿ ಅನ್ನುತ್ತಿದ್ದರು. ತಮ್ಮದು ಇಷ್ಟೇ: ಬೀಗ ಹಾಕಲು ಗೊತ್ತಿರುವವನಿಗೆ ಕೋವಿ ಇಟ್ಟುಕೊಳ್ಳುವ ಹಕ್ಕಿರಬೇಕು, ಯಾರೋ ಹುಚ್ಚ ಮಾಡಿದ್ದಕ್ಕೆ ತಮ್ಮ ಬೀರುವನ್ನು ಅನುಮಾನಿಸಬಾರದು.

ನನಗೆ ಅವರ ವಾದ ಒಂದು ದಿನವೂ ಒಪ್ಪಿಗೆಯಾಗಲಿಲ್ಲ. ಆದರೂ ಕೀ ಮಾಡಿಸುವುದೇನೂ ಇಲ್ಲದ ದಿನವೂ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಅಷ್ಟರಲ್ಲಿ ನನಗೂ ಕೆಲಸ ಸಿಕ್ಕಿತ್ತು, ಆಫೀಸಿನಲ್ಲಿ ಮೀಟಿಂಗ್ ನಡೆದಾಗ ತುಟಿ ಬಿಚ್ಚದೆ ಕೂರುತ್ತಿದ್ದವಳು ನಾನು. ಅವರ ಅಂಗಡಿಯಲ್ಲಿ ನನಗೆ ಬಾಯಿ ಬರುತ್ತಿತ್ತು. ನನಗೊಂದು ಅಭಿಪ್ರಾಯ ಇದೆ, ಅದನ್ನು ಕೇಳಲು ಒಬ್ಬರು ಕಾದಿದ್ದಾರೆ ಅನ್ನುವ ಸಂತೋಷ ನನಗೆ ಆವರೆಗೆ ಯಾರೂ ಕೊಟ್ಟಿರಲಿಲ್ಲ.

ಎರಡು ಸಾವಿರದ ಮೂರರ ಅಕ್ಟೋಬರಿನಲ್ಲಿ ಒಂದು ದಿನ ಹೋದಾಗ, ನನ್ನ ಹೊಸ ಕೀಯನ್ನು ಸುಮ್ಮನೆ ಕೈಗಿಟ್ಟುಬಿಟ್ಟರು. ಮಾತಿಲ್ಲ, ಎದುರು ಮಾತು ಕೇಳಲಿಲ್ಲ. ಹುಷಾರಿಲ್ಲವೇ ಅಂದೆ. ಯಂತ್ರದ ಮೇಲಿನ ಹಿತ್ತಾಳೆ ಪುಡಿ ಒರೆಸುತ್ತಾ ಹೇಳಿದರು, ಮೆಲ್ಬೋರ್ನಿನಲ್ಲಿರುವ ಮಗಳು ಬಸುರಿ. ಒಬ್ಬಳೇ ಮಗಳು. ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಆ ಮಗಳೇ ಅವರಿಗೆ ಸಕಲ ಸರ್ವಸ್ವ. ಇದು ಸಂತೋಷದ ಸುದ್ದಿಯಲ್ಲವೇ ಅಂದೆ. ಹೌದು, ಆದರೆ ಅವಳೊಂದು ಷರತ್ತು ಹಾಕಿದ್ದಾಳೆ ಅಂದರು. ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನರ್ಸ್ ಆಗಿದ್ದ ಅವಳು, ಗುಂಡು ತಗುಲಿದ ಒಬ್ಬ ಹುಡುಗಿಯನ್ನು ಒಮ್ಮೆ ನೋಡಿಕೊಂಡಿದ್ದಳು. ಆ ದಿನದಿಂದ ಅವಳ ಮನಸ್ಸು ಗಟ್ಟಿಯಾಗಿತ್ತು. ಫೋನಿನಲ್ಲಿ ಅವಳು ಹೇಳಿದ್ದನ್ನು ಅಂಕಲ್ ನನಗೆ ಹಾಗೇ ಹೇಳಿದರು: "ಮೂರಲ್ಲ, ಮುವ್ವತ್ತು ಬೀಗ ಹಾಕಿ ಅಪ್ಪ. ಕೋವಿ ಇರೋ ಮನೆಗೆ ನನ್ನ ಮಗು ಕಾಲಿಡೋದಿಲ್ಲ."

ನೀವೇನಂದಿರಿ ಅಂತ ಕೇಳಿದೆ. ಅಲ್ಲಿ ಮಳೆಯಾ ಅಂತ ಕೇಳಿ ಫೋನ್ ಇಟ್ಟರಂತೆ. ಇದನ್ನು ಯಾರಿಗೂ ಹೇಳಬೇಡ ಅಂತ ನನ್ನಿಂದ ಮಾತು ತೆಗೆದುಕೊಂಡರು. ಅಂದು ಹೊರಡುವಾಗ ಕಿತ್ತಳೆ ಹಣ್ಣನ್ನು ನಾನೇ ಅವರಿಗೆ ಕೊಟ್ಟು ಬಂದೆ.

ಇದಾದ ವಾರಕ್ಕೆ ನಮ್ಮ ಕನ್ನಡ ಬಳಗದ ಕಮಿಟಿ ಮೀಟಿಂಗು, ಕೆಲ್ಲಿವಿಲ್ಲಿನ ಅಧ್ಯಕ್ಷರ ಹೊಸ ಮನೆಯಲ್ಲಿ. ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಒಂದು ಚರ್ಚಾಕೂಟ ಇರುತ್ತಿತ್ತು. ಆ ವರ್ಷ ಕೋವಿಯ ವಿಷಯ ಇಡೋಣ ಅಂತ ಅಂಕಲ್ ಎಷ್ಟೋ ಮುಂಚೆ ಒಪ್ಪಿಸಿದ್ದರು. ಈಗ ಅಧ್ಯಕ್ಷರಿಗೆ ನಡುಕ ಶುರುವಾಗಿತ್ತು. ಇಲ್ಲೇ ನೆಲೆಸಲು ಹೊಸದಾಗಿ ಪಿಆರ್ ಸಿಕ್ಕವರಿದ್ದಾರೆ, ಇನ್ನೂ ಸಿಗದವರಿದ್ದಾರೆ, ಸ್ಟೇಜಿನ ಮೇಲೆ ಕೋವಿ ಗೀವಿ ಅಂತ ಮಾತಾಡಿ ಯಾರಾದರೂ ಕಂಪ್ಲೇಂಟ್ ಮಾಡಿದರೆ ಏನು ಗತಿ ಅಂತ ಅವರ ವಾದ. ಇಡ್ಲಿ ಮೇಲೋ ದೋಸೆ ಮೇಲೋ ಅಂತ ಚರ್ಚೆ ಇಟ್ಟರೆ ಎಲ್ಲರೂ ನಗುತ್ತಾರೆ, ಯಾರಿಗೂ ನೋವಾಗುವುದಿಲ್ಲ ಅಂದರು. ಅದೂ ಅಲ್ಲದೆ ಅಂಕಲ್ ಅವರನ್ನು ಕಾಡುಮನುಷ್ಯ ಅಂತ ಕರೆದು ಯಾರೋ ಹೆಸರಿಲ್ಲದ ಪತ್ರ ಬೇರೆ ಬರೆದಿದ್ದರು. ಅದನ್ನು ಹರಿದು ಹಾಕಿದ್ದೇನೆ ಅಂತ ಅಧ್ಯಕ್ಷರು ದೊಡ್ಡ ಉಪಕಾರ ಮಾಡಿದವರಂತೆ ಹೇಳಿದರು.

ಅಂಕಲ್ ಕೈಯಲ್ಲಿದ್ದ ಚಕ್ಕುಲಿ ಕೆಳಗಿಟ್ಟರು. ಕೋಪ ಬಂದಿತ್ತು. ಅವರಿಗೆ ಕೋಪ ಬಂದರೆ ದನಿ ತಗ್ಗುತ್ತಿತ್ತು.

"ಹರಿದದ್ದು ತಪ್ಪು. ಅದನ್ನ ಮೊದಲು ಓದಿ ಹೇಳಬೇಕಿತ್ತು, ಆಮೇಲೆ ನಾನು ಮಾತಾಡ್ತಿದ್ದೆ" ಅಂದರು. "ಕೋವಿಗೆ ಬೀಗ ಹಾಕಿ ಅಂತ ಸರ್ಕಾರ ಹೇಳ್ತು, ಹಾಕಿದೆ. ಮಾತಿಗೆ ಬೀಗ ಹಾಕಿ ಅಂತ ಯಾರು ಹೇಳಿದ್ರೂ ಹಾಕೋದಿಲ್ಲ. ನನಗೆ ಎದುರಾಗಿ ಮಾತಾಡೋರು ಒಬ್ಬರು ಇರಬೇಕು. ಇಲ್ಲದಿದ್ರೆ ನಾನೂ ಮಾತಾಡೋದಿಲ್ಲ, ನಿಮ್ಮ ಇಡ್ಲಿನೇ ಇಟ್ಕೊಳ್ಳಿ."

ಕೋವಿ ಅಂಕಲ್ ಎದುರು ನಿಲ್ಲುವುದಕ್ಕೆ ಯಾರೂ ತಯಾರಿರಲಿಲ್ಲ. ಎಲ್ಲರೂ ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ನನ್ನ ತಟ್ಟೆ ಖಾಲಿಯಾಗಿತ್ತು, ಹಾಗಾಗಿ ತಲೆ ಎತ್ತಿದ್ದೆ. ಅಷ್ಟಕ್ಕೇ ನನ್ನ ಹೆಸರು ನಿಗದಿಯಾಯಿತು.

ನವೆಂಬರಿನ ಆ ಭಾನುವಾರ ಹಾಲ್ ತುಂಬ ಜನ. ಹಿಂದೆ ಬಿಸಿಬೇಳೆಬಾತಿನ ಪಾತ್ರೆಗಳು, ಮುಂದಿನ ಸಾಲಿನಲ್ಲಿ ಕೋಲಾಟಕ್ಕೆ ಸಿದ್ಧವಾಗಿ ಕೂತ ಮಕ್ಕಳು. ಅಂಕಲ್ ಮೊದಲು ಮಾತಾಡಿದರು. ಹದಿನೈದು ನಿಮಿಷ ಜನ ಬಿದ್ದು ಬಿದ್ದು ನಕ್ಕರು. ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಚಿಕ್ಕಪ್ಪನ ಪೇಟ ಹಾರಿಸಿದ ಕತೆ ಹೇಳಿದರು, ಅದು ತಮ್ಮ ವಾದಕ್ಕೇ ವಿರುದ್ಧವಾಗಿದೆ ಅಂತ ತಾವೇ ಒಪ್ಪಿಕೊಂಡರು.

ಆಮೇಲೆ ನಾನು. ಹನ್ನೆರಡು ಕಾರಣ ಬಾಯಿಪಾಠ ಮಾಡಿದ್ದೆ. ಮೂರನೆಯದು ಹೇಳಿ ಮುಗಿಸುವಷ್ಟರಲ್ಲಿ ಉಳಿದ ಒಂಬತ್ತೂ ಮರೆತುಹೋದವು. ಮೈಕಿನ ಮುಂದೆ ನಿಂತಿದ್ದೇನೆ, ಯಾರೋ ಕೆಮ್ಮಿದರು. ಆಫೀಸಿನ ಮೀಟಿಂಗಿನಲ್ಲಿ ಆಗುವುದೇ ಇಲ್ಲೂ ಆಗುತ್ತಿತ್ತು. ಅಳು ಬರುವುದೊಂದು ಬಾಕಿ.

ಅಂಕಲ್ ತಮ್ಮ ಕುರ್ಚಿಯಿಂದ ಎದ್ದು ಬಂದು ನನ್ನ ಕೈಗೆ ಒಂದು ಲೋಟ ನೀರು ಕೊಟ್ಟರು. ಲೋಟದ ಅಡಿಯಲ್ಲಿ ಒಂದು ಚೀಟಿ ಇತ್ತು. ಕೀ ಕೊಡುವಾಗ ಬಳಸುವ ರಸೀತಿಯ ಹಿಂಬದಿ, ಅವರದೇ ದಪ್ಪ ಅಕ್ಷರ: ನನ್ನ ಮಗಳ ಮಾತು ಹೇಳು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನಾನು ಅವರ ಮುಖ ನೋಡಿದೆ. ಅವರು ಆಗಲೇ ವಾಪಸ್ ಹೋಗಿ ಕೂತು, ಮೀಸೆ ತಿರುವುತ್ತಾ ಛಾವಣಿ ನೋಡುತ್ತಿದ್ದರು. ಚೀಟಿ ಮಡಚಿ, ಮೈಕಿಗೆ ಬಾಯಿ ಕೊಟ್ಟು ಹೇಳಿದೆ. ನಮ್ಮ ನಡುವೆ ಒಬ್ಬ ಅಪ್ಪ ಇದ್ದಾರೆ. ಅವರಷ್ಟು ಜೋಪಾನವಾಗಿ ಕೋವಿ ಇಟ್ಟವರು ಈ ದೇಶದಲ್ಲಿ ಯಾರೂ ಇರಲಾರರು. ಆದರೂ ಅವರ ಮಗಳು, ಗುಂಡು ತಗುಲಿದವರನ್ನು ಕಣ್ಣಾರೆ ನೋಡಿದವಳು, ಕೋವಿ ಇರುವ ಮನೆಗೆ ನನ್ನ ಮಗು ಕಾಲಿಡುವುದಿಲ್ಲ ಅಂದಿದ್ದಾಳೆ. ಬೀಗದ ಮೇಲೆ ಅವಳಿಗೆ ಅನುಮಾನ ಇಲ್ಲ, ಅಪ್ಪನ ಮೇಲೂ ಇಲ್ಲ. ಅವಳ ಹೆದರಿಕೆಗೆ ಯಾವ ಬೀಗ ಹಾಕುತ್ತೀರಿ?

ಕೊನೆಯ ಪ್ರಶ್ನೆ ಚೀಟಿಯಲ್ಲಿ ಇರಲಿಲ್ಲ. ಅದು ನನ್ನದೇ. ಎಲ್ಲಿಂದ ಬಂತೋ ಗೊತ್ತಿಲ್ಲ.

ಉತ್ತರ ಕೊಡಲು ಅಂಕಲ್‌ಗೆ ಎರಡು ನಿಮಿಷ ಇತ್ತು. ಮೈಕಿನ ಹತ್ತಿರ ಬಂದರು. ಆ ಎತ್ತರದ ಮನುಷ್ಯ ನನ್ನ ಎತ್ತರಕ್ಕಿದ್ದ ಮೈಕಿಗೆ ಬಗ್ಗಿದರು. ಕಣ್ಣು ತುಂಬಿತ್ತು, ಮುಖದಲ್ಲಿ ನಗು ಇತ್ತು.

"ಆ ಅಪ್ಪ ನಾನೇ. ಹುಡುಗಿ ಗೆದ್ದಳು. ಊಟಕ್ಕೆ ಏಳಿ."

ಚಪ್ಪಾಳೆ ನಿಲ್ಲಲೇ ಇಲ್ಲ. ಅಧ್ಯಕ್ಷರೂ ಚಪ್ಪಾಳೆ ತಟ್ಟಿದರು, ಕಂಪ್ಲೇಂಟು ಮರೆತು. ಬಿಸಿಬೇಳೆಬಾತಿನ ಸಾಲಿನಲ್ಲಿ ಅಂಕಲ್ ಪಕ್ಕಕ್ಕೆ ಹೋಗಿ, ಯಾಕೆ ಹೀಗೆ ಮಾಡಿದಿರಿ, ನಾನು ಸೋಲುತ್ತಿದ್ದೆನಲ್ಲ ಅಂತ ಕೇಳಿದೆ. ಎದುರಾಳಿಯ ಬಾಯಿ ಕಟ್ಟಿ ಗೆದ್ದರೆ ಅದು ಗೆಲುವಲ್ಲ ಅಂದರು. ಆಮೇಲೆ ಹಪ್ಪಳ ಮುರಿಯುತ್ತಾ ನಿಜ ಹೇಳಿದರು, ಮಗಳ ಮುಂದೆ ಒಬ್ಬನೇ ಸೋಲಲು ಒಂದು ತಿಂಗಳಿನಿಂದ ಧೈರ್ಯ ಸಾಲದೆ ಒದ್ದಾಡುತ್ತಿದ್ದರಂತೆ. ಅಷ್ಟು ಜನರ ಎದುರಿಗೆ ಸೋತರೆ ಸುಲಭ ಅಂತ ಅನ್ನಿಸಿತಂತೆ.

ಮುಂದಿನ ವಾರವೇ ಕೋವಿಯನ್ನು ಕಾನೂನು ಪ್ರಕಾರ ತಮ್ಮ ಕ್ಲಬ್ಬಿನ ಸ್ನೇಹಿತರೊಬ್ಬರ ಹೆಸರಿಗೆ ವರ್ಗಾಯಿಸಿದರು. ಅವರೊಬ್ಬ ಆಸ್ಟ್ರೇಲಿಯನ್ ಪ್ಲಂಬರ್, ಇವರಿಗಿಂತ ಹಳಬರು, ಇವರಷ್ಟೇ ವಾದ ಮಾಡುವವರು. ಶನಿವಾರ ಕ್ಲಬ್ಬಿನಲ್ಲಿ ಅಂಕಲ್ ಅದೇ ಕೋವಿಯನ್ನು ಅವರಿಂದ ಕೇಳಿ ತೆಗೆದುಕೊಂಡು ನಾಲ್ಕು ಗುಂಡು ಹೊಡೆದು ವಾಪಸ್ ಕೊಡುತ್ತಿದ್ದರು. ಅಭಿಪ್ರಾಯ ಬದಲಾಯಿತಾ ಅಂತ ರೇಗಿಸಿದರೆ, ಅಭಿಪ್ರಾಯ ಹಾಗೇ ಇದೆ, ಕೋವಿಯ ವಿಳಾಸ ಮಾತ್ರ ಬದಲಾಗಿದೆ ಅನ್ನುತ್ತಿದ್ದರು. ಖಾಲಿಯಾದ ಉಕ್ಕಿನ ಬೀರುವಿನಲ್ಲಿ ಉಪ್ಪಿನಕಾಯಿ ಭರಣಿಗಳು, ಊರಿನಿಂದ ಬಂದ, ಅಡುಗೆಗೆ ಹಾಕುವ ಕಪ್ಪು ಹುಳಿ ಕಾಚಂಪುಳಿಯ ಬಾಟಲಿಗಳು ಸೇರಿದವು. ಮೂರೂ ಬೀಗ ಹಾಗೇ ಇದ್ದವು. ಕೋವಿ ಹೋದದ್ದು ತಿಳಿಯದೆ ತಪಾಸಣೆಗೆ ಬಂದ ಹೊಸ ಪೊಲೀಸಿನವರು ಒಂದೊಂದೇ ಬೀಗ ತೆಗೆಸಿ ಮಾವಿನ ಮಿಡಿ ನೋಡಿ ಹೋದರಂತೆ. ಒಂದು ಮಿಡಿ ತಿಂದೂ ಹೋದರಂತೆ.

ಎರಡು ಸಾವಿರದ ನಾಲ್ಕರ ಮಾರ್ಚಿನಲ್ಲಿ ಮಗು ಹುಟ್ಟುವ ಹೊತ್ತಿಗೆ ನನಗೆ ಮೆಲ್ಬೋರ್ನಿನಲ್ಲಿ ಪ್ರಾಜೆಕ್ಟ್ ಸಿಕ್ಕಿ ಅಲ್ಲಿಗೆ ಹೋಗಿದ್ದೆ. ಆಸ್ಪತ್ರೆಯಿಂದ ಅಂಕಲ್ ಫೋನ್ ಮಾಡಿದರು. ಹೆಣ್ಣು ಮಗು, ಈಗಲೇ ಕಾರ್ ಪಾರ್ಕಿಗೆ ಬಾ ಅಂದರು. ಹೋದೆ. ಅವರ ಕೈಯಲ್ಲಿ ಪಕ್ಕದ ಬೇಕರಿಯ ಕಾಗದದ ಚೀಲ, ಮೀಸೆಯ ತುಂಬ ಕ್ರೀಮು. ಊರಿನಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸಿ ಊರಿಗೆ ತಿಳಿಸುವುದು ಪದ್ಧತಿ. ತಮ್ಮ ಮೊಮ್ಮಗಳು ಗಂಡಿಗಿಂತ ಏನು ಕಡಿಮೆ, ಅವಳಿಗೂ ಒಂದು ಆಗಲೇಬೇಕು, ಆದರೆ ಮಗಳಿಗೆ ಕೊಟ್ಟ ಮಾತು ತಪ್ಪಬಾರದು ಅಂದರು. ಚೀಲಕ್ಕೆ ಗಾಳಿ ಊದಿದರು. ಬೆಣ್ಣೆ ಹತ್ತಿ ಕಾಗದ ತೂತಾಗಿತ್ತು, ಸುಯ್ ಅಂದಿತಷ್ಟೆ. ಮತ್ತೊಂದು ಚೀಲಕ್ಕಾಗಿ ಮತ್ತೊಂದು ಬನ್ನು ತರಬೇಕಾಯಿತು. ಅದೂ ತೂತು. ಮೂರನೆಯ ಬನ್ನನ್ನು ನಾನು ತಿಂದೆ, ಚೀಲವನ್ನು ಕರವಸ್ತ್ರದಲ್ಲಿ ಒರೆಸಿ ಅವರ ಕೈಗಿಟ್ಟೆ.

ಢಂ ಅಂದಿತು ನೋಡಿ, ಎರಡು ಕಾರಿನ ಅಲಾರಂ ಹೊಡೆದುಕೊಂಡವು. ಸೆಕ್ಯುರಿಟಿಯವರು ಓಡಿ ಬಂದರು. ಪಂಜಾಬಿನವರು, ಐವತ್ತರ ಆಸುಪಾಸು. ಅಂಕಲ್ ಅವರಿಗೆ ಹಿಂದಿಯಲ್ಲಿ ಕೊಡಗಿನ ಪದ್ಧತಿ ಪೂರ್ತಿ ವಿವರಿಸಿದರು. ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಹೆಣ್ಣು ಮಗು ಅಂದಮೇಲೆ ಇನ್ನೂ ಒಂದು ಒಡೆಯಿರಿ ಅಂದರು. ಅಂಕಲ್ ಗಾಬರಿಯಾಗಿ ಎರಡೂ ಕೈ ಅಡ್ಡ ಆಡಿಸಿದರು. ಹುಟ್ಟಿಗೆ ಒಂದೇ. ಎರಡು ಗುಂಡು ಹಾರಿದರೆ ಆ ಮನೆಯಲ್ಲಿ ಸಾವಾಗಿದೆ ಅಂತ ಅರ್ಥ.

ಆಮೇಲೆ ಆ ಮಗುವಿನ ಪ್ರತಿ ಹುಟ್ಟುಹಬ್ಬಕ್ಕೂ ಕೇಕಿಗೆ ಮುಂಚೆ ಒಂದು ಕಾಗದದ ಚೀಲ ಒಡೆಯುವುದು ಆ ಮನೆಯ ಪದ್ಧತಿಯಾಯಿತು. ನಾವು ಮೆಲ್ಬೋರ್ನಿನಲ್ಲೇ ಉಳಿದೆವು. ಎರಡು ಸಾವಿರದ ಏಳರಲ್ಲಿ ಅಂಗಡಿ ಮುಚ್ಚಿ ಅಂಕಲ್ ಕೂಡ ಮಗಳ ಮನೆಗೇ ಬಂದುಬಿಟ್ಟರು. ಅಪ್ಪ ಮಗಳು ಊಟದ ಮೇಜಿನಲ್ಲಿ ಕೋವಿಯ ವಿಷಯಕ್ಕೆ ಜಗಳಾಡುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಇಬ್ಬರೂ ಒಂದಿಂಚು ಬಿಟ್ಟುಕೊಟ್ಟದ್ದಿಲ್ಲ. ಸಾರು ಬಡಿಸಿಕೊಳ್ಳಲು ಮಾತ್ರ ನಿಲ್ಲಿಸುತ್ತಿದ್ದರು. ಮೊಮ್ಮಗಳು ಇಂಗ್ಲಿಷಿನಲ್ಲಿ ಒಮ್ಮೆ ಇವರ ಪರ, ಒಮ್ಮೆ ಅವರ ಪರ. ಅಂಥ ಮನೆಗಳು ಹೆಚ್ಚಿಲ್ಲ. ನಾನು ಈಗ ಆಫೀಸಿನ ಮೀಟಿಂಗುಗಳಲ್ಲಿ ಬಾಯಿ ಬಿಟ್ಟು ಮಾತಾಡುತ್ತೇನೆ, ಯಾರಾದರೂ ಸುಮ್ಮನೆ ಕೂತಿದ್ದರೆ ನಿಮ್ಮ ಎದುರು ಮಾತು ಏನು ಅಂತ ಕೇಳುತ್ತೇನೆ. ಇದು ಅವರಿಂದ ಬಂದದ್ದು.

ಈ ವರ್ಷ ಆಗಸ್ಟಿನಲ್ಲಿ ಅಂಕಲ್ ಹೋದರು. ಮಧ್ಯಾಹ್ನ ಊಟ ಮಾಡಿ, ಕುರ್ಚಿಯಲ್ಲಿ ಪೇಪರ್ ಓದುತ್ತಾ ಹಾಗೇ ಮಲಗಿಬಿಟ್ಟರಂತೆ. ಶನಿವಾರ ಬೆಳಿಗ್ಗೆ ಚಿತಾಗಾರದ ಅಂಗಳದಲ್ಲಿ ನಲವತ್ತು ಐವತ್ತು ಜನ ಸೇರಿದ್ದೆವು. ಮಗಳು ಬಿಳಿ ಸೀರೆ ಉಟ್ಟು ನಿಂತಿದ್ದಳು. ಐದು ವರ್ಷದ ಮೊಮ್ಮಗಳು ಅವಳ ಕೈ ಹಿಡಿದಿದ್ದಳು. ಒಳಗೆ ಹೋಗುವ ಮುಂಚೆ ಮಗಳು ಎಲ್ಲರಿಗೂ ಒಂದು ನಿಮಿಷ ಅಂದು, ಮೊಬೈಲ್ ತೆಗೆದು ಸ್ಪೀಕರಿಗೆ ಹಾಕಿದಳು. ಆ ಕಡೆ ಇದ್ದವರು ಸಿಡ್ನಿಯ ಪ್ಲಂಬರ್. ಹಿಂದಿನ ದಿನ ಅವಳೇ ಅವರಿಗೆ ಫೋನ್ ಮಾಡಿ ಕೇಳಿಕೊಂಡಿದ್ದಳಂತೆ. ಅವರು ಕ್ಲಬ್ಬಿನ ಮೈದಾನದಲ್ಲಿ, ಅಂಕಲ್ ಕೊಟ್ಟಿದ್ದ ಅದೇ ಕೋವಿ ಹಿಡಿದು ನಿಂತಿದ್ದರು.

"ಕಾನೂನು ನನ್ನ ಕಡೆನೇ ಇದೆ" ಅಂದಳು ಮಗಳು ನನ್ನ ಕಡೆ ತಿರುಗಿ, ನಗಲು ನೋಡುತ್ತಾ. "ಆದ್ರೆ ಇವತ್ತು ಮಾತು ಅಪ್ಪಂದು ನಡೀಲಿ."

ಅವಳು ಫೋನನ್ನು ಕೈ ಎತ್ತಿ ಹಿಡಿದಳು. ಸಿಡ್ನಿಯಲ್ಲಿ ಎರಡು ಮಣ್ಣಿನ ಬಿಲ್ಲೆಗಳು ಹಾರಿದವು. ಆ ಪುಟ್ಟ ಸ್ಪೀಕರಿನಿಂದ ನಮಗೆ ಕೇಳಿದ್ದು ಬರೀ ಪಟ್ ಅನ್ನುವ ಸದ್ದು. ಸ್ವಲ್ಪ ತಡೆದು ಮತ್ತೊಂದು ಪಟ್. ನನಗೆ ಅಳು ತಡೆಯಲಾಗಲಿಲ್ಲ.

ಮೊಮ್ಮಗಳು ಅಮ್ಮನ ಸೆರಗು ಜಗ್ಗಿದಳು. ತಾತನ ಜೊತೆ ಮಾತ್ರ ಆಡುತ್ತಿದ್ದ ತನ್ನ ಮುರುಕು ಕನ್ನಡದಲ್ಲಿ ಕೇಳಿದಳು: "ಮಮ್ಮಿ, ಇವತ್ತು ತಾತ ಯಾಕೆ ಎರಡು ಬ್ಯಾಗ್ ಒಡೆದ್ರು?"

ಆ ಸದ್ದು ಬೇರೆ ಯಾವುದರದ್ದಾದರೂ ಆಗಿರಬಹುದು ಅಂತ ಆ ಮಗುವಿಗೆ ಗೊತ್ತೇ ಇಲ್ಲ. ಅವಳಮ್ಮ ಫೋನ್ ನನ್ನ ಕೈಗಿಟ್ಟು ಮಗುವನ್ನು ಎತ್ತಿಕೊಂಡಳು. ಅಂಕಲ್ ಇದ್ದಿದ್ದರೆ ಆ ಪ್ರಶ್ನೆಗೆ ಕೀಯನ್ನೂ ಕೊಟ್ಟು, ಕಿತ್ತಳೆ ಹಣ್ಣನ್ನೂ ಕೊಟ್ಟು ಕಳಿಸುತ್ತಿದ್ದರು.